ವಾಟರ್ ಪಂಪ್ ಬದಲಾಯಿಸಿ ಆಯಿತು, ಇನ್ನು ನೀರು ತುಂಬಿಸುತ್ತಿದ್ದರೆ ಸಾಕೇ?

ಹತ್ತು ವರ್ಷದ ಪೆಟ್ರೋಲ್ ಕಾರಿಗೆ ಎಂಜಿನ್ನಿನೊಳಗೆ ನೀರು ಸುತ್ತಿಸುವ ವಾಟರ್ ಪಂಪನ್ನು ಹೊಸದಾಗಿ ಹಾಕಿಸಿದ್ದೀರಿ, ಇನ್ನು ಆಗಾಗ ನೀರು ತುಂಬಿಸಿದರೆ ಸಾಕೇ ಎಂದು ಕೇಳಿದ್ದೀರಿ. ಸಾಲದು. ಮೊದಲು ಗ್ಯಾರೇಜಿನ ಬಿಲ್ ತೆಗೆದು ನೋಡಿ. ಪಂಪ್, ಗ್ಯಾಸ್ಕೆಟ್, ಕೂಲಿ ಇಷ್ಟೇ ಇದ್ದು ಕೂಲಂಟ್ (ಎಂಜಿನ್ ತಣಿಸುವ, ತುಕ್ಕು ತಡೆಯುವ ದ್ರವ) ಎಂಬ ಪದವೇ ಕಾಣದಿದ್ದರೆ, ನಿಮ್ಮ ಎಂಜಿನ್ನಿನೊಳಗೆ ಈಗ ಸುತ್ತುತ್ತಿರುವುದು ಬಹುಶಃ ನಲ್ಲಿ ನೀರು.

ಬರೀ ನೀರು ಸಾಲದೆಂದು ನಾನು ಕಲಿತದ್ದು ಚಾರ್ಮಾಡಿ ಘಾಟಿಯಲ್ಲಿ. ಉಜಿರೆ ಕಡೆಯಿಂದ ಕೊಟ್ಟಿಗೆಹಾರಕ್ಕೆ ಹತ್ತುವಾಗ ತಾಪಮಾನದ ಮುಳ್ಳು ಮೇಲೇರತೊಡಗಿತು. ಎಸಿ ಆರಿಸಿ ಹೀಟರ್ ಹಾಕಿದೆ. ಎಂಜಿನ್ನಿನ ಬಿಸಿ ಸ್ವಲ್ಪ ಹೊರಗೆ ಹೋಗಲಿ ಎಂದು. ಬಂದದ್ದು ತಣ್ಣನೆಯ ಗಾಳಿ! ಎಂಜಿನ್ ಕುದಿಯುತ್ತಿದ್ದರೂ ಹೀಟರ್ ತಣ್ಣಗಿದೆ ಎಂದರೆ ಒಳಗೆ ನೀರು ಸುತ್ತುತ್ತಿಲ್ಲ, ಅಥವಾ ನೀರೇ ಇಲ್ಲ ಎಂದರ್ಥ. ಪಂಪ್ ಬಿಚ್ಚಿದಾಗ ಒಳಗಿನ ಚಕ್ರದ ತಗಡಿನ ಎಲೆಗಳು ತುಕ್ಕು ತಿಂದು ಮೊಂಡಾಗಿದ್ದವು. ತಪ್ಪು ಬೇರೆ ಯಾರದ್ದೂ ಅಲ್ಲ. ಮೂರು ವರ್ಷ ಮನೆಯ ಬೋರ್‌ವೆಲ್ ನೀರನ್ನು ಚೊಂಬಿನಲ್ಲಿ ತಂದು ಸುರಿದವನು ನಾನೇ.

ಆದ್ದರಿಂದ ಪಂಪ್ ಏಕೆ ಸತ್ತಿತು ಎಂದು ಮೆಕ್ಯಾನಿಕ್ಕನ್ನು ಕೇಳಿ. ಹಳೆಯದನ್ನು ಎಸೆದಿರದಿದ್ದರೆ ಕೈಗೆ ತೆಗೆದುಕೊಂಡು ನೋಡಿ. ತುಕ್ಕು ಹಿಡಿದಿದ್ದರೆ ದೋಷ ನೀರಿನದು. ಚಕ್ರ ಚೆನ್ನಾಗಿದ್ದು ಬೇರಿಂಗ್ ಅಲುಗಾಡುತ್ತಿದ್ದರೆ ಬೆಲ್ಟನ್ನು ಅತಿಯಾಗಿ ಬಿಗಿದಿರಬಹುದು. ಪಂಪನ್ನು ಟೈಮಿಂಗ್ ಬೆಲ್ಟೇ (ಎಂಜಿನ್ನಿನ ವಾಲ್ವುಗಳನ್ನು ಸಮಯಕ್ಕೆ ಸರಿಯಾಗಿ ನಡೆಸುವ ಬೆಲ್ಟ್) ತಿರುಗಿಸುವ ಎಂಜಿನ್ ನಿಮ್ಮದಾದರೆ ಬೆಲ್ಟನ್ನೂ ಬದಲಾಯಿಸಿದ್ದಾರೆಯೇ ಎಂದು ವಿಚಾರಿಸಿ. ಕೂಲಂಟ್ ತಾಗಿ ನೆನೆದ ಬೆಲ್ಟನ್ನು ನಂಬಲಾಗದು.

ನೀರಿನ ದೋಷವಾದರೆ ಹೊಸ ಪಂಪಿಗೂ ಅದೇ ಗತಿ. ಒಳಗಿರುವ ಹಳೆಯ ನೀರನ್ನು ಪೂರ್ತಿ ಬಸಿದು, ಹೊರಬರುವ ನೀರು ತಿಳಿಯಾಗುವವರೆಗೆ ತೊಳೆಸಿ. ಆಮೇಲೆ ಕಾರಿನ ಕೈಪಿಡಿಯಲ್ಲಿ ಹೇಳಿದ ಬಗೆಯ ಕೂಲಂಟನ್ನೇ ಹಾಕಿ. ಹಸಿರು, ಕೆಂಪು, ನೀಲಿ ಎಂದು ಬಣ್ಣ ನೋಡಿ ಕೊಳ್ಳಬೇಡಿ, ಒಂದೇ ಬಣ್ಣದಲ್ಲಿ ಬೇರೆ ಬೇರೆ ರಾಸಾಯನಿಕಗಳಿರುತ್ತವೆ. ಹೊಂದದ ಎರಡನ್ನು ಬೆರೆಸಿದರೆ ತುಕ್ಕು ತಡೆಯುವ ಗುಣ ಕುಂದುತ್ತದೆ, ಕೆಲವೊಮ್ಮೆ ಗಸಿ ಕಟ್ಟುತ್ತದೆ. ಡಬ್ಬಿಯಲ್ಲಿರುವುದು ಗಟ್ಟಿ ಕೂಲಂಟ್ ಆದರೆ ಸಾಮಾನ್ಯವಾಗಿ ಅರ್ಧಕ್ಕರ್ಧ ಡಿಸ್ಟಿಲ್ಡ್ ವಾಟರ್ ಬೆರೆಸಬೇಕು. ಮೊದಲೇ ಬೆರೆಸಿದ್ದಾದರೆ ಹಾಗೆಯೇ ಸುರಿಯಿರಿ.

ಗಾಳಿಯ ವಿಷಯದಲ್ಲಿ ಅವಸರ ಬೇಡ. ತುಂಬಿಸಿದ ಮೇಲೆ ಒಳಗೆ ಗಾಳಿ ಉಳಿದರೆ ಹೊಸ ಪಂಪಿದ್ದರೂ ಎಂಜಿನ್ ಬಿಸಿಯಾಗುತ್ತದೆ. ಗಾಳಿ ತೆಗೆಯುವ ಕ್ರಮ ಒಂದೊಂದು ಕಾರಿಗೆ ಒಂದೊಂದು, ಅದನ್ನು ಮೆಕ್ಯಾನಿಕ್ಕೇ ಮಾಡಲಿ. ಕೆಲಸ ಮುಗಿದ ಮೇಲೆ ಹೀಟರ್ ಹಾಕಿ ನೋಡಿ: ಬಿಸಿ ಗಾಳಿ ಒಂದೇ ಸಮನೆ ಬರಬೇಕು. ಆಮೇಲಿನ ಒಂದೆರಡು ವಾರ, ಬೆಳಿಗ್ಗೆ ಕಾರು ಶುರು ಮಾಡುವ ಮುನ್ನ ಕೂಲಂಟ್ ಟ್ಯಾಂಕಿನ ಮಟ್ಟ ಎರಡು ಗೆರೆಗಳ ನಡುವೆ ಇದೆಯೇ ಎಂದು ನೋಡಿ. ಮೊದಲು ಸ್ವಲ್ಪ ಇಳಿದು ನಿಂತರೆ ಚಿಂತೆಯಿಲ್ಲ. ಇಳಿಯುತ್ತಲೇ ಇದ್ದು ಕೆಳಗೆ ಎಲ್ಲೂ ಸೋರಿಕೆ ಕಾಣದಿದ್ದರೆ, ಆಯಿಲ್ ಮುಚ್ಚಳದ ಒಳಬದಿ ಕೆನೆ ಕಟ್ಟಿದಂತಿದ್ದರೆ, ಇಲ್ಲವೇ ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನೊಳಗೆ ಕೂಲಂಟ್ ಮತ್ತು ಆಯಿಲ್ ಬೆರೆಯದಂತೆ ತಡೆಯುವ ಪಟ್ಟಿ) ಪರೀಕ್ಷೆ ಮಾಡಿಸಿ. ಅದು ಕೆಟ್ಟಿದೆಯೇ ಎಂಬುದು ಪಂಪ್ ಕೆಟ್ಟ ದಿನ ಬಿಸಿ ಎಂಜಿನ್ನಿನಲ್ಲಿ ಎಷ್ಟು ದೂರ ಓಡಿಸಿದಿರಿ ಎಂಬುದರ ಮೇಲೆ ನಿಂತಿದೆ.

ರೇಡಿಯೇಟರ್ ಮುಚ್ಚಳವನ್ನು ಅಗ್ಗದ ವಸ್ತುವೆಂದು ಕಡೆಗಣಿಸುತ್ತಾರೆ. ಅದು ಸುಮಾರು ಒಂದು ಬಾರ್ ಒತ್ತಡ ಹಿಡಿದಿಟ್ಟರೆ ಬರೀ ನೀರು ಕೂಡ 120 ಡಿಗ್ರಿಯವರೆಗೆ ಕುದಿಯುವುದಿಲ್ಲ. ರಬ್ಬರ್ ಬಿರಿದಿದ್ದರೆ ಆ ಲಾಭವಿಲ್ಲ, ಹೊಸದು ಹಾಕಿ. ಎಂಜಿನ್ ಬಿಸಿಯಿರುವಾಗ ಮಾತ್ರ ಅದನ್ನು ತಿರುಗಿಸಬೇಡಿ, ಕುದಿನೀರು ಮುಖಕ್ಕೆ ಚಿಮ್ಮುತ್ತದೆ.

ಇಬ್ಬರು ಹಿತೈಷಿಗಳು ನಿಮಗೆ ಸಿಕ್ಕೇ ಸಿಗುತ್ತಾರೆ. ಒಬ್ಬರು ‘ನಮ್ಮ ಊರಿಗೆ ಥರ್ಮೋಸ್ಟಾಟ್ ಬೇಡ, ತೆಗೆದುಬಿಡಿ’ ಎನ್ನುತ್ತಾರೆ. ಎಂಜಿನ್ ಹದವಾಗಿ ಬಿಸಿಯಾಗುವವರೆಗೆ ರೇಡಿಯೇಟರಿಗೆ ನೀರು ಬಿಡದ ಬಾಗಿಲು ಅದು. ತೆಗೆದರೆ ಎಂಜಿನ್ ಬೇಗ ಹದಕ್ಕೆ ಬರುವುದಿಲ್ಲ, ಪೆಟ್ರೋಲ್ ಹೆಚ್ಚು ಕುಡಿಯುತ್ತದೆ. ಇನ್ನೊಬ್ಬರು ಸೋರುವ ರೇಡಿಯೇಟರಿಗೆ ಅರಿಸಿನ ಪುಡಿ ಹಾಕಲು ಹೇಳುತ್ತಾರೆ. ನಡುದಾರಿಯಲ್ಲಿ ಊರು ಸೇರಲು ಅದು ನಡೆಯಬಹುದು, ಆದರೆ ತೂತು ಮುಚ್ಚುವ ಪುಡಿ ಸಣ್ಣ ಕೊಳವೆಗಳನ್ನೂ ಮುಚ್ಚುತ್ತದೆ. ಸಾರಿಗೆ ಇರಲಿ ಅರಿಸಿನ.

ಇನ್ನೊಂದು ಮಾತು: ಬಸಿದ ಕೂಲಂಟನ್ನು ಬಾಣಲೆಯಲ್ಲಿ ಅಂಗಳದಲ್ಲಿ ಬಿಡಬೇಡಿ. ಅದು ಸಿಹಿಯಾಗಿರುತ್ತದೆ, ಬೀದಿ ನಾಯಿಗಳು ನೆಕ್ಕುತ್ತವೆ, ಸ್ವಲ್ಪವೇ ಸಾಕು ಅವುಗಳ ಪ್ರಾಣ ಹೋಗಲು.