ನೀರು ಪೋಲು ಮಾಡುವ ಮಗಳು

(ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ.)

ತುಮಕೂರಿನ ಆ ತಾಯಿ ತಂದ ದೂರು ನೀರಿನದು. "ಊಟ ಆದ ತಕ್ಷಣ ಬಚ್ಚಲಮನೆ ಸೇರ್ಕೋತಾಳೆ ಮೇಡಂ. ನಲ್ಲಿ ಬಿಟ್ಕೊಂಡೇ ಇರ್ತಾಳೆ. ಟ್ಯಾಂಕ್ ಖಾಲಿ." ಬಿ.ಕಾಂ. ಓದುವ ಮಗಳು ಬಲಗೈಯನ್ನು ದುಪಟ್ಟಾದೊಳಗೆ ಸುತ್ತಿಕೊಂಡು ಕೂತಿದ್ದಳು.

ದಪ್ಪವೂ ಅಲ್ಲ, ಸಣಕಲೂ ಅಲ್ಲ. ಮನೆಯವರು ಮೋಸ ಹೋಗುವುದೇ ಇಲ್ಲಿ. ಬುಲಿಮಿಯಾ, ಅಂದರೆ ತಡೆಯಲಾಗದೆ ಒಮ್ಮೆಲೇ ವಿಪರೀತ ತಿಂದು ಆಮೇಲೆ ಬೇಕೆಂದೇ ಕಕ್ಕುವಂಥ ಕಾಯಿಲೆ, ಇರುವವರ ತೂಕ ಸಾಮಾನ್ಯವಾಗಿ ಮಾಮೂಲಾಗೇ ಇರುತ್ತದೆ.

ತಾಯಿಯನ್ನು ಹೊರಗೆ ಕೂರಿಸಿ, ಕೈ ತೋರಿಸು ಅಂದೆ. ಬೆರಳ ಗೆಣ್ಣಿನ ಮೇಲೆ ಗಟ್ಟಿಯಾದ ಎರಡು ಕಲೆ. ವಾಂತಿ ಬರಿಸಿಕೊಳ್ಳುವಾಗ ಹಲ್ಲು ತಾಗಿ ತಾಗಿ ಆದವು. 1979ರಲ್ಲಿ ಈ ಕಾಯಿಲೆಗೆ ಹೆಸರಿಟ್ಟ ಬ್ರಿಟನ್ನಿನ ಮನೋವೈದ್ಯ ಜೆರಾಲ್ಡ್ ರಸೆಲ್ ಇದನ್ನೂ ಬರೆದಿದ್ದರು. ಈಗಲೂ ಈ ಕಲೆಯನ್ನು ಅವರ ಹೆಸರಲ್ಲೇ ಕರೆಯುತ್ತಾರೆ.

ಆಮೇಲೆ ಒಂದೊಂದೇ ಹೊರಬಂತು. ಪಿಯುಸಿಯಲ್ಲಿ ಯಾರೋ 'ಡ್ರಮ್' ಅಂದಿದ್ದು. ಹಗಲೆಲ್ಲ ಉಪವಾಸ. ಮನೆಯವರು ಮಲಗಿದ ಮೇಲೆ ಒಂದು ಪೌಂಡು ಬ್ರೆಡ್, ಉಳಿದ ಮುದ್ದೆ, ಡಬ್ಬಿ ತಳದ ಚಕ್ಕುಲಿ. "ರುಚೀನೂ ಗೊತ್ತಾಗಲ್ಲ ಮೇಡಂ, ನಿಲ್ಸೋಕೆ ಆಗಲ್ಲ." ವಾರಕ್ಕೆ ನಾಲ್ಕೈದು ಸಲ, ಎಂಟು ತಿಂಗಳಿಂದ. ವಾರಕ್ಕೊಮ್ಮೆಯಂತೆ 3 ತಿಂಗಳು ನಡೆದರೂ ಸಾಕು, ವೈದ್ಯರು ಕಾಯಿಲೆ ಎಂದು ಗುರುತಿಸುತ್ತಾರೆ.

ತಣ್ಣೀರು ತಾಗಿದರೆ ಹಲ್ಲು ಜುಂ ಅನ್ನುತ್ತಿತ್ತು. ಹೊಟ್ಟೆಯ ಆಸಿಡ್ ಎನಾಮೆಲ್ ಸವೆಸಿತ್ತು. ಕಿವಿ ಕೆಳಗೆ ಜೊಲ್ಲುಗ್ರಂಥಿ ಊದಿತ್ತು. ಕನ್ನಡಿಯಲ್ಲಿ ಅದನ್ನೇ ನೋಡಿ ಮುಖ ದಪ್ಪ ಆಯ್ತು ಅಂದುಕೊಂಡು ಇನ್ನೂ ಜಾಸ್ತಿ ಕಕ್ಕುತ್ತಿದ್ದಳು, ಪಾಪ. ಮುಟ್ಟೂ ಏರುಪೇರು. ನನಗೆ ಹೆದರಿಕೆ ಆಗಿದ್ದು "ಒಮ್ಮೊಮ್ಮೆ ಎದೆ ಡವಡವ ಅನ್ನುತ್ತೆ" ಅಂದಾಗ. ವಾಂತಿ ಪದೇ ಪದೇ ಆದರೆ ರಕ್ತದಲ್ಲಿ ಪೊಟ್ಯಾಶಿಯಂ ಇಳಿಯುತ್ತದೆ, ಹೃದಯದ ಬಡಿತ ತಪ್ಪಬಹುದು. ಮಾತುಕತೆ ಆಮೇಲೆ. ಅವತ್ತೇ ರಕ್ತ ಪರೀಕ್ಷೆಗೂ ಇಸಿಜಿಗೂ ಕಳಿಸಿದೆ. ಪೊಟ್ಯಾಶಿಯಂ ಕಡಿಮೆಯೇ ಇತ್ತು.

ಅವಳಿಗೆ ಹೇಳಿದ್ದು: ಮೊದಲು ಉಪವಾಸ ಬಿಡು. ಮೂರು ನಾಲ್ಕು ಗಂಟೆಗೊಮ್ಮೆ ಏನಾದರೂ ತಿನ್ನು. ಹಗಲು ಹೊಟ್ಟೆ ಕಾಯಿಸಿದರೆ ರಾತ್ರಿ ಅದು ಸೇಡು ತೀರಿಸಿಕೊಳ್ಳುತ್ತೆ. ವಾಂತಿಯಾದರೆ ಕೂಡಲೇ ಬ್ರಷ್ ಮಾಡಬೇಡ, ಹಲ್ಲು ಇನ್ನಷ್ಟು ಸವೆಯುತ್ತೆ, ಬಾಯಿ ಮುಕ್ಕಳಿಸು. ಮನೋವೈದ್ಯರನ್ನು ನೋಡಲೇಬೇಕು. ಸಿಬಿಟಿ ಎಂಬ ಮಾತಿನ ಚಿಕಿತ್ಸೆ ಇದೆ, ಬೇಕಾದರೆ ಅವರು ಫ್ಲುಆಕ್ಸೆಟಿನ್ ಮಾತ್ರೆ ಕೊಡುತ್ತಾರೆ. ನಡುರಾತ್ರಿ ತಡೆಯೋಕೆ ಆಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡು, ಕನ್ನಡದಲ್ಲೇ ಮಾತಾಡುತ್ತಾರೆ.

ಅವಳು ಒಪ್ಪಿದ ಮೇಲೆ ತಾಯಿಯನ್ನು ಒಳಗೆ ಕರೆದೆ. "ತಿಂದು ಕಕ್ಕೋದೂ ಒಂದು ಕಾಯಿಲೇನಾ ಮೇಡಂ? ಕೊಬ್ಬು ಅಂದ್ಕೊಂಡಿದ್ದೆ." ಬಾಗಿಲು ತಟ್ಟಿ ಬೈಬೇಡಿ, ತಟ್ಟೆ ಮುಂದೆ ತೂಕದ ಮಾತು ತೆಗೀಬೇಡಿ ಅಂದೆ. ಊಟ ಆದ ಮೇಲೆ ಒಂದು ಗಂಟೆ ಅವಳ ಜೊತೆ ಇರಿ, ಸುಮ್ನೆ ಕಾವಲು ಕೂತ ಹಾಗೆ ಅಲ್ಲ. ಅವರೆಕಾಯಿ ಕಾಲ, ಸೊಗಡಿನ ಕಾಯಿ ತಂದು ಇಬ್ಬರೂ ಬಿಡಿಸಿ.

ಆರನೇ ಭೇಟಿಯ ಹೊತ್ತಿಗೆ ವಾರಕ್ಕೊಂದು ಸಲಕ್ಕೆ ಇಳಿದಿತ್ತು. ಪೂರ್ತಿ ನಿಂತಿಲ್ಲ. ದುಪಟ್ಟಾ ಮಾತ್ರ ಹೆಗಲ ಮೇಲಿತ್ತು.