ಕೋವಿ ವಿಷಯ ಆಮೇಲೆ, ಮೊದಲು ಬಾತುಕೋಳಿ ಗುರುತು ಹಿಡಿಯಲು ಕಲಿಯಿರಿ

ಆಫೀಸಿನ ಗೆಳೆಯರು ಅಮೆರಿಕದ ಮಿನ್ನೆಸೋಟಾ ರಾಜ್ಯದಲ್ಲಿ ಬಾತುಕೋಳಿ ಬೇಟೆಯ ಕಾಲ ಶುರುವಾಗುವ ದಿನಕ್ಕೆ, ಅಂದರೆ ಡಕ್ ಓಪನರ್‌ಗೆ ಕರೆದಿದ್ದಾರೆ, ನಾನು ಕೊಡಗಿನವನು, ಕೋವಿ ಹೊಸದಲ್ಲ, ಪ್ರತಿ ಈಡಿಗೂ ಕೈಯಿಂದ ಎಳೆಯುವ ಪಂಪ್ ಕೋವಿ ತೆಗೆದುಕೊಳ್ಳಲಾ, ಮುಂದಿನ ತೋಟಾ ತಾನೇ ತುಂಬಿಕೊಳ್ಳುವ ಸೆಮಿ ಆಟೋಮ್ಯಾಟಿಕ್ ತೆಗೆದುಕೊಳ್ಳಲಾ ಎಂದು ಕೇಳಿದ್ದೀರಿ. ನಾನೂ ಕೊಡಗಿನವನೇ. ಎಚ್-1ಬಿ ಕೆಲಸದ ವೀಸಾದಲ್ಲಿ ಮಿನಿಯಾಪೊಲಿಸ್‌ಗೆ ಬಂದವನು. ಮೊದಲ ಸಲ ಕರೆದಾಗ ನನ್ನ ತಲೆಯಲ್ಲೂ ಇದ್ದದ್ದು ಇದೊಂದೇ ಪ್ರಶ್ನೆ.

ಕೈಲ್ ಪೊಳ್ದ್ ಹಬ್ಬದ ದಿನ ಮರದ ತುದಿಯ ತೆಂಗಿನಕಾಯಿಗೆ ಗುರಿ ಇಟ್ಟು ಬೆಳೆದವರಿಗೆ ಒಂದು ಧೈರ್ಯ ಇರುತ್ತದೆ ಅಲ್ವಾ? ನನಗೂ ಇತ್ತು. ಆದರೆ ಯೋಚಿಸಿ ನೋಡಿ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಹುಟ್ಟಿದ ನಮಗೆ ಕೋವಿ ಅಂದರೆ ಹುಟ್ಟು, ಸಾವು, ಹಬ್ಬ. ಹಾರುವ ಹಕ್ಕಿಯನ್ನು ನೋಡಿ, ಅದು ಯಾವ ಜಾತಿ, ಗಂಡೋ ಹೆಣ್ಣೋ ಎಂದು ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ತೀರ್ಮಾನಿಸಿ ಆಮೇಲೆ ಕುದುರೆ ಎಳೆಯುವ ಕೆಲಸ ನಾವು ಯಾವತ್ತೂ ಮಾಡಿಲ್ಲ. ನಿಮಗೆ ಬರುವುದು ಗುರಿ. ಅಲ್ಲಿ ಬೇಕಾಗಿರುವುದು ಗುರುತು.

ನಾನು ಆ ಬೇಸಿಗೆ ಪೂರ್ತಿ ಕೋವಿಯ ಬಗ್ಗೆಯೇ ಓದಿದೆ. ಫೈರ್‌ಆರ್ಮ್ಸ್ ಸೇಫ್ಟಿ ಕೋರ್ಸ್ ಮಾಡಿದೆ, ಲೈಸೆನ್ಸ್ ಮಾಡಿಸಿದೆ, ಬಾತು ಬೇಟೆಗೆ ಬೇಕಾದ ರಾಜ್ಯದ ಸ್ಟ್ಯಾಂಪು, ಕೇಂದ್ರ ಸರ್ಕಾರದ ಫೆಡರಲ್ ಡಕ್ ಸ್ಟ್ಯಾಂಪು ಎಲ್ಲ ಕೊಂಡೆ. ಕಾಗದದಲ್ಲಿ ಒಂದು ತಪ್ಪೂ ಇರಲಿಲ್ಲ. ಬಾತುಗಳ ಚಿತ್ರ ಇರುವ ಪುಟಗಳನ್ನು ಮಾತ್ರ ಸುಮ್ನೆ ತಿರುವಿ ಹಾಕಿದ್ದೆ. ಮ್ಯಾಲರ್ಡ್ ಎಂಬ ಕಾಡು ಬಾತಿನಲ್ಲಿ ಹಸಿರು ತಲೆ ಇದ್ದರೆ ಗಂಡು, ಕಂದು ಬಣ್ಣ ಇದ್ದರೆ ಹೆಣ್ಣು, ಅಷ್ಟೇ ತಾನೇ ಅಂದುಕೊಂಡಿದ್ದೆ.

ಸೆಪ್ಟೆಂಬರ್ ಕೊನೆಯ ಹೊತ್ತಿನ ಶನಿವಾರ ಅದು. ಹಿಂದಿನ ರಾತ್ರಿ ಗೆಳೆಯನ ಅಪ್ಪನ ಮನೆಯಲ್ಲಿ ಮಲಗಿದ್ದೆವು. ಊಟದ ಹೊತ್ತಿಗೆ ಯಾರೋ ಒಂದು ಮಾತು ಹೇಳಿದರು, ಈ ಸಮಯದಲ್ಲಿ ಗಂಡು ಬಾತುಗಳೂ ಕಂದು ಬಣ್ಣದಲ್ಲೇ ಇರುತ್ತವೆ, ನೋಡಿಕೊಳ್ಳಿ ಎಂದು. ನಾನು ತಲೆಯಾಡಿಸಿದೆ. ಹಾಗಾದರೆ ಬೇರೆ ಮಾಡುವುದು ಹೇಗೆ ಎಂದು ಕೇಳಲಿಲ್ಲ. ಅವತ್ತು ನಡೆದದ್ದಕ್ಕೆಲ್ಲ ಮೂಲ ಇದೇ.

ಕತ್ತಲಲ್ಲೇ ದೋಣಿ ಇಳಿಸಿ, ಕಾಡು ಭತ್ತ ಬೆಳೆದ ಕೆರೆಯ ಅಂಚಿನಲ್ಲಿ ಜೊಂಡಿನೊಳಗೆ ಸೇರಿಕೊಂಡೆವು. ಮುಂದೆ ನೀರಿನ ಮೇಲೆ ಹಕ್ಕಿಗಳನ್ನು ಸೆಳೆಯುವ ಪ್ಲಾಸ್ಟಿಕ್ಕಿನ ನಕಲಿ ಬಾತುಗಳು, ಅಂದರೆ ಡೆಕಾಯ್‌ಗಳು. ಹೊಡೆಯಲು ಕಾನೂನು ಬಿಡುವುದು ಸೂರ್ಯ ಹುಟ್ಟುವ ಅರ್ಧ ಗಂಟೆ ಮೊದಲಿನಿಂದ. ಅಲ್ಲಿ ಆ ದಿನಗಳಲ್ಲಿ ಅದು 6.30ರ ಆಚೀಚೆ ಬರುತ್ತದೆ. ಸಮಯ ಆಯಿತೋ ಇಲ್ಲವೋ, ಕೆರೆಯ ನಾಲ್ಕೂ ದಿಕ್ಕಿನಿಂದ ಈಡಿನ ಸದ್ದು ಶುರುವಾಗುತ್ತದೆ. ಪಕ್ಕದವರು ಹೊಡೆಯುತ್ತಿದ್ದಾರೆ, ಹಕ್ಕಿಗಳು ತಲೆ ಮೇಲೆ ಸುತ್ತುತ್ತಿವೆ, ನಾನು ಸುಮ್ಮನೆ ಕೂತಿದ್ದೇನೆ ಅನ್ನುವ ಚಡಪಡಿಕೆ ಯಾರನ್ನೂ ಬಿಡುವುದಿಲ್ಲ.

ಮ್ಯಾಲರ್ಡ್ ಗುಂಪು ಡೆಕಾಯ್ ಮೇಲೆ ಇಳಿಯಿತು. ಹೊಡೆದೆ. ಎರಡು ಬಿದ್ದವು. ನಾಯಿ ತಂದು ಕೊಟ್ಟಿತು. ಎರಡೂ ಹೆಣ್ಣು ಎಂದು ಗೆಳೆಯನ ಅಪ್ಪ ಹೇಳಿದರು, ಇನ್ನು ಹುಷಾರು ಎಂದರು. ಅಲ್ಲಿ ದಿನಕ್ಕೆ ಒಬ್ಬರಿಗೆ ಒಟ್ಟು 6 ಬಾತು. ಅದರಲ್ಲಿ ಮ್ಯಾಲರ್ಡ್ 4 ಮೀರುವಂತಿಲ್ಲ, ಆ ನಾಲ್ಕರಲ್ಲಿ ಹೆಣ್ಣು 2 ಮೀರುವಂತಿಲ್ಲ. ವುಡ್ ಡಕ್ ಎಂಬ ಇನ್ನೊಂದು ಜಾತಿ ಆದರೆ 3. ನಾನು ಹೋದ ವರ್ಷದ ಲೆಕ್ಕ ಇದು. ಇದು ಬದಲಾಗುತ್ತಿರುತ್ತದೆ, ನೀವು ಹೋಗುವ ವರ್ಷದ ಪುಸ್ತಿಕೆಯನ್ನೇ ನೋಡಿ. ಲೆಕ್ಕ ಒಬ್ಬೊಬ್ಬರಿಗೂ ಬೇರೆ ಬೇರೆ. ಗೆಳೆಯರ ಪಾಲನ್ನೂ ಸೇರಿಸಿ ನೀವು ಹೊಡೆಯುವಂತಿಲ್ಲ.

ಸ್ವಲ್ಪ ಹೊತ್ತಿಗೆ ಒಂಟಿ ಮ್ಯಾಲರ್ಡ್ ಬಂತು. ಕಂದು ಬಣ್ಣ. ಜೋರಾಗಿ ಕ್ವಾಕ್ ಕ್ವಾಕ್ ಎಂದು ಕೂಗುತ್ತಾ ಬಂತು. ಹಿಂದಿನ ರಾತ್ರಿಯ ಮಾತು ನೆನಪಾಯಿತು, ಗಂಡೂ ಕಂದು ಇರುತ್ತದೆ. ಹಾಗಾದರೆ ಇದು ಗಂಡೇ ಇರಬೇಕು ಎಂದು ನನಗೆ ನಾನೇ ಹೇಳಿಕೊಂಡು ಹೊಡೆದೆ. ಗಂಡೇ ತಾನೇ ಎಂದು ಅವರು ಕೇಳಿದರು. ಹೌದು ಅಂದೆ. ನೋಡದೆ ಹೇಳಿದೆ. ಅವರು ನನ್ನ ಮಾತು ನಂಬಿದರು.

ಇಲ್ಲಿ ಏನಾಯಿತು ಎಂದು ಬಿಡಿಸಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ, ನಿಮಗೆ ಬೇಕಾದದ್ದು ಇದೇ ಭಾಗ. ಮರಿ ಮಾಡುವ ಕಾಲ ಮುಗಿದ ಮೇಲೆ ಗಂಡು ಬಾತು ಗರಿ ಉದುರಿಸುತ್ತದೆ. ಆಗ ಹಸಿರು ತಲೆ ಹೋಗಿ ಹೆಣ್ಣಿನ ಹಾಗೆ ಕಂದಾಗುತ್ತದೆ. ಹೊಸ ಗರಿ ಪೂರ್ತಿ ಬರುವುದು ತಡ, ಹಾಗಾಗಿ ಓಪನರ್ ಹೊತ್ತಿಗೆ ಎಷ್ಟೋ ಗಂಡುಗಳು ಅರೆಬರೆ ಬಣ್ಣದಲ್ಲಿರುತ್ತವೆ. ರೆಕ್ಕೆಯ ನೀಲಿ ಪಟ್ಟಿ ನೋಡಿ ಪ್ರಯೋಜನ ಇಲ್ಲ, ಅದು ಎರಡಕ್ಕೂ ಇದೆ. ಬೇರೆ ಮಾಡುವುದು ಕೊಕ್ಕಿನಿಂದ. ಗಂಡಿನ ಕೊಕ್ಕು ಹಳದಿ, ಸ್ವಲ್ಪ ಹಸಿರು ಬೆರೆತ ಹಳದಿ. ಹೆಣ್ಣಿನದು ಕಿತ್ತಳೆ, ಮೇಲೆ ಕಪ್ಪು ಮಚ್ಚೆ. ಇನ್ನೊಂದು ದನಿ. ನಾವು ಚಿಕ್ಕಂದಿನಿಂದ ಬಾತುಕೋಳಿ ಎಂದರೆ ಕ್ವಾಕ್ ಅಂದುಕೊಂಡಿದ್ದೇವಲ್ಲ, ಆ ಜೋರು ಕೂಗು ಹೆಣ್ಣು ಮ್ಯಾಲರ್ಡ್‌ನದು. ಗಂಡು ಗೊಗ್ಗರು ದನಿಯಲ್ಲಿ ಮೆಲ್ಲಗೆ ಕೂಗುತ್ತದೆ. ಅಂದರೆ ಆ ಹಕ್ಕಿ ಬರುವಾಗಲೇ ತಾನು ಹೆಣ್ಣು ಎಂದು ಕೂಗಿಕೊಂಡೇ ಬಂದಿತ್ತು. ನನಗೆ ಕಿವಿ ಇತ್ತು, ಅರ್ಥ ಗೊತ್ತಿರಲಿಲ್ಲ. ಅರೆ ಬೆಳಕಲ್ಲಿ ಕೊಕ್ಕಿನ ಬಣ್ಣ ಕಾಣುವುದಿಲ್ಲ ಎಂದರೆ ಉತ್ತರ ಒಂದೇ. ಹೊಡೆಯಬಾರದು, ಬೆಳಕು ಬರುವ ತನಕ ಕಾಯಬೇಕು. ನನಗೆ ಅರ್ಧ ಗೊತ್ತಿತ್ತು. ಆ ಅರ್ಧವನ್ನು ನನಗೆ ಬೇಕಾದ ಹಾಗೆ ತಿರುಗಿಸಿಕೊಂಡೆ. ಏನೂ ಗೊತ್ತಿರದಿದ್ದರೆ ಬಹುಶಃ ಹೊಡೆಯುತ್ತಲೇ ಇರಲಿಲ್ಲ.

ದೋಣಿ ದಡಕ್ಕೆ ತಂದಾಗ ಬೇಟೆಯ ನಿಯಮ ನೋಡಿಕೊಳ್ಳುವ ಕನ್ಸರ್ವೇಶನ್ ಆಫೀಸರ್ ಒಬ್ಬರು ನಿಂತಿದ್ದರು. ಓಪನರ್ ದಿನ ಅದು ಮಾಮೂಲು. ಲೈಸೆನ್ಸ್ ನೋಡಿದರು, ಕೋವಿ ನೋಡಿದರು, ಎಲ್ಲರ ಹಕ್ಕಿಗಳನ್ನು ಒಂದೊಂದಾಗಿ ಎತ್ತಿ ಕೊಕ್ಕು ನೋಡಿದರು. ನನ್ನ ಮೂರನೆಯದು ಅವರ ಕೈಯಲ್ಲೇ ಉಳಿಯಿತು. ಅವರು ಬಹಳ ಮರ್ಯಾದೆಯಿಂದಲೇ ಮಾತಾಡಿದರು. ದಂಡದ ಟಿಕೆಟ್ ಬರೆದರು, ಹಕ್ಕಿ ತೆಗೆದುಕೊಂಡರು.

ದಂಡ ಕಟ್ಟಿದ್ದು ದೊಡ್ಡದಲ್ಲ. ದೊಡ್ಡದು ಎರಡು. ಒಂದು, ಗೆಳೆಯನ ಅಪ್ಪ. ಎಪ್ಪತ್ತು ದಾಟಿದವರು, ಹುಡುಗನಿದ್ದಾಗಿನಿಂದ ಅದೇ ಕೆರೆಯಲ್ಲಿ ಬೇಟೆ ಆಡಿದವರು, ಒಮ್ಮೆಯೂ ಟಿಕೆಟ್ ಕಂಡವರಲ್ಲ. ಊರವರ ಎದುರು ಅವರ ದೋಣಿ ಪಕ್ಕ ನಿಂತು ಟಿಕೆಟ್ ಬರೆಸಿಕೊಂಡೆ ನಾನು. ಅವರು ಬೈಯಲಿಲ್ಲ. ಮರುವರ್ಷ ಕರೆಯಲಿಲ್ಲ. ಎರಡು, ಗ್ರೀನ್ ಕಾರ್ಡಿನ ಐ-485 ಫಾರ್ಮ್. ಯಾವತ್ತಾದರೂ ನಿಮ್ಮನ್ನು ಬಂಧಿಸಿದ್ದಾರಾ, ಟಿಕೆಟ್ ಕೊಟ್ಟಿದ್ದಾರಾ ಎಂದು ಅದರಲ್ಲಿ ನೇರವಾಗಿ ಕೇಳುತ್ತಾರೆ. ಕೋರ್ಟಿನ ಕಾಗದ ತರಿಸಿ, ವಕೀಲರಿಗೆ ಫೀಸು ಕೊಟ್ಟು, ಒಂದು ಬಾತುಕೋಳಿಯ ಕಥೆಯನ್ನು ಸರ್ಕಾರಕ್ಕೆ ಬರೆದು ಕೊಡಬೇಕಾಯಿತು. ಎಲ್ಲ ಸರಿಹೋಯಿತು, ಆದರೆ ನಿದ್ದೆಗೆಟ್ಟ ರಾತ್ರಿಗಳನ್ನು ನಾನು ಮರೆತಿಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಈ ವರ್ಷ ಕೋವಿ ಕೊಳ್ಳಲೇಬೇಡಿ. ಪಂಪ್ ಆದರೂ ಸೆಮಿ ಆದರೂ ಒಳಗೆ ಒಟ್ಟು ಮೂರು ತೋಟಾಕ್ಕಿಂತ ಜಾಸ್ತಿ ಹಿಡಿಯದ ಹಾಗೆ ಪ್ಲಗ್ ಎಂಬ ಅಡ್ಡ ತುಂಡು ಹಾಕಲೇಬೇಕು, ಅದು ಫೆಡರಲ್ ನಿಯಮ. ಹಾಗಿದ್ದ ಮೇಲೆ ಹೊಸಬರಿಗೆ ಏನು ವ್ಯತ್ಯಾಸ? ಆ ದುಡ್ಡಿನಲ್ಲಿ ಒಳ್ಳೆಯ ದುರ್ಬೀನು ತೆಗೆದುಕೊಳ್ಳಿ. ಬ್ಲೂಮಿಂಗ್ಟನ್‌ನಲ್ಲಿ ವಿಮಾನ ನಿಲ್ದಾಣದ ಹತ್ತಿರವೇ ಮಿನ್ನೆಸೋಟಾ ವ್ಯಾಲಿ ನ್ಯಾಷನಲ್ ವೈಲ್ಡ್‌ಲೈಫ್ ರೆಫ್ಯೂಜ್ ಎಂಬ ವನ್ಯಜೀವಿ ಧಾಮ ಇದೆ. ಬೆಳಗ್ಗೆ ಬೆಳಕು ಹರಿಯುವ ಹೊತ್ತಿಗೇ ಹೋಗಿ, ಆ ಮಬ್ಬಿನಲ್ಲೇ ಹಾರುವ ಬಾತುಗಳನ್ನು ನೋಡಿ ಹೆಸರು ಹೇಳಿ, ಬೆಳಕು ಬಂದ ಮೇಲೆ ಸರಿಯಾ ತಪ್ಪಾ ನೋಡಿಕೊಳ್ಳಿ. ನಾನು ಕಲಿತದ್ದು ಅಲ್ಲೇ. ಮೊದಲ ಓಪನರ್‌ಗೆ ಕೋವಿ ಇಲ್ಲದೆ ದೋಣಿಯಲ್ಲಿ ಕೂತು ನೋಡಿ ಬನ್ನಿ. ಗೆಳೆಯರು ನಗುತ್ತಾರೆ ಎಂದುಕೊಳ್ಳಬೇಡಿ, ನಿಜವಾದ ಬೇಟೆಗಾರರು ಅದನ್ನು ಮೆಚ್ಚುತ್ತಾರೆ.

ವೀಸಾ ಯಾವುದು ಎಂದು ನೀವು ಬರೆದಿಲ್ಲ. ಎಚ್-1ಬಿಯಂಥ ವೀಸಾದಲ್ಲಿದ್ದರೆ ಇದನ್ನು ಎರಡು ಸಲ ಓದಿ. ಅಂಥವರು ಕೋವಿ, ತೋಟಾ ಇಟ್ಟುಕೊಳ್ಳುವುದೇ ಫೆಡರಲ್ ಕಾನೂನಿನ ಪ್ರಕಾರ ಅಪರಾಧ. ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ಮಾತ್ರ ವಿನಾಯಿತಿ. ಗೆಳೆಯನ ಕೋವಿಯನ್ನು ಒಂದು ನಿಮಿಷ ಹಿಡಿದು ನೋಡುತ್ತೇನೆ ಅನ್ನುವುದಕ್ಕೂ ಮೊದಲು ಲೈಸೆನ್ಸ್ ಜೇಬಲ್ಲಿರಲಿ. ಮಿನ್ನೆಸೋಟಾದಲ್ಲಿ 1979ರ ನಂತರ ಹುಟ್ಟಿದವರಿಗೆ ಲೈಸೆನ್ಸ್ ಬೇಕಾದರೆ ಸೇಫ್ಟಿ ಕೋರ್ಸ್ ಆಗಿರಬೇಕು. ಅಪ್ರೆಂಟಿಸ್ ಎಂಬ ಇನ್ನೊಂದು ದಾರಿ ಇದೆ, ಲೈಸೆನ್ಸ್ ಇರುವವರ ಜೊತೆ ಹೋಗಬಹುದು, ಆದರೆ ನನ್ನ ಮಾತು ಕೇಳಿದರೆ ಕೋರ್ಸ್ ಮಾಡಿಯೇ ಹೋಗಿ.

ಯಾರೋ ತಾತನ ಕಾಲದ ಜೋಡು ನಳಿಗೆ ಕೋವಿ ಕೊಡುತ್ತೇನೆ ಎಂದರೆ ಬೇಡ ಎನ್ನಿ. 1991ರಿಂದ ಅಮೆರಿಕದಲ್ಲಿ ಎಲ್ಲೂ ಬಾತುಕೋಳಿಗೆ ಸೀಸದ ಚರೆ ಬಳಸುವಂತಿಲ್ಲ. ಕೆರೆಯ ತಳದಲ್ಲಿ ಬಿದ್ದ ಸೀಸದ ಚರೆಯನ್ನು ಬಾತುಗಳು ಕಾಳಿನ ಜೊತೆ ನುಂಗಿ ವಿಷವಾಗಿ ಸಾಯುತ್ತಿದ್ದವು. ಈಗ ಹೆಚ್ಚಿನವರು ಸ್ಟೀಲ್ ಚರೆ ಬಳಸುತ್ತಾರೆ. ಹಳೇ ನಳಿಗೆಗಳು ಅದಕ್ಕೆ ಮಾಡಿದ್ದಲ್ಲ, ಹಾಳಾಗುತ್ತವೆ. ಸ್ಟೀಲ್ ಹಗುರ, ದೂರ ಹೋದಷ್ಟೂ ಬೇಗ ಬಲ ಕಳೆದುಕೊಳ್ಳುತ್ತದೆ. ದೂರದ ಹಕ್ಕಿಗೆ ಹೊಡೆದರೆ ಅದು ಗಾಯಗೊಂಡು ಎಲ್ಲೋ ಜೊಂಡಿನಲ್ಲಿ ಹೋಗಿ ಸಾಯುತ್ತದೆ. ಡೆಕಾಯ್ ಹತ್ತಿರ ಇಳಿಯುವ ತನಕ ಬಿಡಿ.

ಲೈಫ್ ಜಾಕೆಟ್ ಹಾಕಿಕೊಂಡೇ ಕೂರಿ, ದೋಣಿಯಲ್ಲಿ ಇದ್ದರೆ ಸಾಲದು. 1940ರ ನವೆಂಬರ್ 11ರ ಕಥೆ ಅಲ್ಲಿನ ಹಿರಿಯರೆಲ್ಲ ಹೇಳುತ್ತಾರೆ. ಬೆಳಗ್ಗೆ ಬೆಚ್ಚಗಿತ್ತು, ತೆಳು ಅಂಗಿಯಲ್ಲೇ ಬೇಟೆಗೆ ಹೋದರು, ಮಧ್ಯಾಹ್ನಕ್ಕೆ ಹಿಮಗಾಳಿ ಬಂತು. ಮಿನ್ನೆಸೋಟಾ ಒಂದರಲ್ಲೇ 49 ಜನ ಸತ್ತರು, ಅದರಲ್ಲಿ ಅರ್ಧದಷ್ಟು ಬಾತುಕೋಳಿ ಬೇಟೆಗಾರರು. ಸೆಪ್ಟೆಂಬರ್‌ನಲ್ಲಿ ಅಷ್ಟು ಚಳಿ ಇರುವುದಿಲ್ಲ, ಆದರೆ ವೇಡರ್ಸ್ ಎಂಬ ನೀರು ಒಳಗೆ ಬಿಡದ ಉದ್ದದ ಬೂಟು-ಪ್ಯಾಂಟು ಹಾಕಿಕೊಂಡು ನೀರಿಗೆ ಬಿದ್ದವರಿಗೆ ಈಜು ಬಂದರೂ ಕಷ್ಟ.

ಇಷ್ಟೆಲ್ಲ ನಿಯಮ ಯಾಕೆ ಎಂದು ಸಿಟ್ಟು ಬರುತ್ತದೆ, ನನಗೂ ಬಂದಿತ್ತು. ಈಗ ಇಲ್ಲ. 16 ತುಂಬಿದ ಪ್ರತಿಯೊಬ್ಬ ಬಾತು ಬೇಟೆಗಾರ ಕೊಳ್ಳುವ ಫೆಡರಲ್ ಡಕ್ ಸ್ಟ್ಯಾಂಪು 1934ರಲ್ಲಿ ಶುರುವಾಯಿತು, ಈಗ ಅದಕ್ಕೆ 25 ಡಾಲರ್. ಅದರ ದುಡ್ಡು ಹೆಚ್ಚುಕಮ್ಮಿ ಪೂರ್ತಿ ಜೌಗು ಭೂಮಿ ಉಳಿಸಲು ಹೋಗುತ್ತದೆ. ಈವರೆಗೆ 60 ಲಕ್ಷ ಎಕರೆಗೂ ಜಾಸ್ತಿ ಉಳಿದಿದೆ. ನಮ್ಮ ಗದಗದ ಮಾಗಡಿ ಕೆರೆಗೆ ಪಟ್ಟೆ ತಲೆಯ ಹೆಬ್ಬಾತುಗಳು ಬರುತ್ತವಲ್ಲ, 2024ರಲ್ಲಿ ಅದಕ್ಕೆ ಜೌಗು ಭೂಮಿಗೆ ಕೊಡುವ ಅಂತರರಾಷ್ಟ್ರೀಯ ರಾಮ್ಸಾರ್ ಮಾನ್ಯತೆಯೂ ಸಿಕ್ಕಿತು. ಅಲ್ಲಿ ಬೇಟೆ ಇಲ್ಲ, ಇರಲೂಬಾರದು. ಎರಡು ದೇಶ, ಎರಡು ದಾರಿ. ಇಲ್ಲಿನ ದಾರಿ ನಿಂತಿರುವುದು ಬೇಟೆಗಾರ ಲೆಕ್ಕ ತಪ್ಪುವುದಿಲ್ಲ ಎಂಬ ನಂಬಿಕೆಯ ಮೇಲೆ. ಹೆಣ್ಣು ಹಕ್ಕಿಗೆ ಮಿತಿ ಇರುವುದು ಮುಂದಿನ ವರ್ಷ ಮೊಟ್ಟೆ ಇಡಬೇಕಾದದ್ದು ಅದೇ ಎಂಬ ಕಾರಣಕ್ಕೆ.

ಅಡುಗೆ ಬಗ್ಗೆಯೂ ಕೇಳಿದ್ದೀರಿ. ಕೆರೆಯ ಹತ್ತಿರವೇ ಪೂರ್ತಿ ಕ್ಲೀನ್ ಮಾಡಬೇಡಿ. ಮನೆ ಮುಟ್ಟುವ ತನಕ ತಲೆ ಅಥವಾ ಪುಕ್ಕ ಸಮೇತ ಒಂದು ರೆಕ್ಕೆ ಹಕ್ಕಿಗೆ ಅಂಟಿಕೊಂಡೇ ಇರಬೇಕು, ಯಾವ ಬಾತು ಎಂದು ಗೊತ್ತಾಗಲು. ಎದೆ ಭಾಗವನ್ನು ಜಾಸ್ತಿ ಬೇಯಿಸಿದರೆ ಗಟ್ಟಿಯಾಗುತ್ತದೆ. ಕಾಲನ್ನು ಮಾತ್ರ ಪಂದಿ ಕರಿ ಮಾಡುವ ಮಸಾಲೆಯಲ್ಲಿ ನಿಧಾನ ಬೇಯಿಸಿ, ಕೊನೆಗೆ ನಮ್ಮ ಕೊಡಗಿನ ಹುಳಿ ಕಾಚಂಪುಳಿ ಹಾಕಿ, ಅಕ್ಕಿಯ ಉಂಡೆ ಕಡುಂಬುಟ್ಟು ಜೊತೆ ಚೆನ್ನಾಗಿರುತ್ತದೆ. ಬೇಯಿಸುವ ಮೊದಲು ಮಾಂಸವನ್ನು ಬೆರಳಲ್ಲಿ ಒತ್ತಿ ನೋಡಿ ಚರೆ ತೆಗೆಯಿರಿ. ಸ್ಟೀಲ್ ಚರೆ ಹಲ್ಲಿಗೆ ಸಿಕ್ಕರೆ ಹಲ್ಲೇ ಮುರಿಯುತ್ತದೆ.