ಮುಚ್ಚಳ ಎತ್ತಿ ನೋಡಿದವರು ಮನೆಯೊಳಗೂ ಬರಬಹುದೇ?

ಇಂಗ್ಲೆಂಡಿಗೆ ಬಂದು ಎರಡು ತಿಂಗಳಾಯಿತು, ಆರು ಜನ ಸೇರಿ ಒಂದು ಬಾಡಿಗೆ ಮನೆಯಲ್ಲಿದ್ದೇವೆ ಎಂದು ಬರೆದಿದ್ದೀರಿ. ಮೊನ್ನೆ ಬೆಳಿಗ್ಗೆ ಕೌನ್ಸಿಲ್‌ನವರೊಬ್ಬರು (ಇಲ್ಲಿನ ಸ್ಥಳೀಯ ಆಡಳಿತದವರು) ನಿಮ್ಮ ಮನೆ ಮುಂದಿನ ಬಿನ್ನಿನ ಮುಚ್ಚಳ ಎತ್ತಿ, ಒಳಗಿನ ಚೀಲಗಳನ್ನು ಸರಿಸಿ ನೋಡಿ, ಫೋಟೊ ತೆಗೆದು, ಹಿಡಿಕೆಗೆ ಕೆಂಪು ಚೀಟಿಯೊಂದನ್ನು ಕಟ್ಟಿ ಹೋದರಂತೆ. ನಾವು ಎಸೆದದ್ದನ್ನು ಕೆದಕಿ ನೋಡುವ ಅಧಿಕಾರ ಅವರಿಗಿದೆಯೇ, ನಾಳೆ ಮನೆಯೊಳಗೂ ಬರುತ್ತಾರೆಯೇ, ವೀಸಾಕ್ಕೆ ತೊಂದರೆಯಾಗುತ್ತದೆಯೇ ಎಂದು ಕೇಳಿದ್ದೀರಿ. ನಾನು ಇಲ್ಲಿಗೆ ಬಂದು ಹದಿನೇಳು ವರ್ಷವಾಯಿತು. ಕಸದ ವಿಷಯದಲ್ಲಿ ನಿಮಗಿಂತ ದೊಡ್ಡ ಪೇಚಿಗೆ ಸಿಕ್ಕಿಕೊಂಡವನು. ಗೊತ್ತಿರುವಷ್ಟನ್ನು ಹೇಳುತ್ತೇನೆ.

ಮೊದಲು ವೀಸಾದ ಮಾತು, ಏಕೆಂದರೆ ನಿಮ್ಮ ನಿದ್ದೆ ಕೆಡಿಸಿರುವುದು ಅದೇ. ತಪ್ಪು ಬಿನ್ನಿಗೆ ಕಸ ಹಾಕುವುದು, ತಪ್ಪು ದಿನ ಹೊರಗಿಡುವುದು ಇಂಗ್ಲೆಂಡಿನಲ್ಲಿ ಈಗ ಅಪರಾಧವಲ್ಲ. 1990ರ ಪರಿಸರ ಸಂರಕ್ಷಣಾ ಕಾಯ್ದೆಯಡಿ ಒಂದು ಕಾಲಕ್ಕೆ ಅದು ಅಪರಾಧವೇ ಆಗಿತ್ತು. 2015ರಲ್ಲಿ ಕಾನೂನನ್ನು ತಿದ್ದಿ ಸಿವಿಲ್ ದಂಡಕ್ಕೆ ಇಳಿಸಿದರು. ದಂಡ 60ರಿಂದ 80 ಪೌಂಡ್. ಅದನ್ನೂ ಏಕಾಏಕಿ ಹಾಕುವಂತಿಲ್ಲ. ಮೊದಲು ಲಿಖಿತ ಎಚ್ಚರಿಕೆ ಕೊಡಬೇಕು. ತಪ್ಪು ಮುಂದುವರಿದರೆ, ದಂಡ ವಿಧಿಸುವ ಉದ್ದೇಶವಿದೆ ಎಂದು ನೋಟಿಸ್ ಕೊಟ್ಟು, ನಿಮ್ಮ ಸಮಜಾಯಿಷಿಗೆ 28 ದಿನ ಬಿಡಬೇಕು. ಆಮೇಲಷ್ಟೇ ಅಂತಿಮ ನೋಟಿಸ್. ಮೇಲಾಗಿ ನಿಮ್ಮ ಕಸದಿಂದ ಬೀದಿಗೆ ಉಪದ್ರವವಾಗಿರಬೇಕು. ಮುಚ್ಚಳ ಅರ್ಧ ತೆರೆದಿತ್ತು ಎಂಬಂಥ ಸಣ್ಣ ಕಾರಣಕ್ಕೆ ದಂಡ ಹಾಕಬಾರದು ಎಂಬುದು ಸರ್ಕಾರದ್ದೇ ಮಾರ್ಗಸೂಚಿ. ನೀವಿರುವುದು ಲಂಡನ್ ಆದರೆ ಅಲ್ಲಿನ ಬರೋಗಳಿಗೆ, ಅಂದರೆ ನಗರದ ಆಡಳಿತ ವಿಭಾಗಗಳಿಗೆ, ಪ್ರತ್ಯೇಕ ಕಾಯ್ದೆ ಇದೆ, ನಿಮ್ಮ ಬರೋದ ನಿಯಮ ಓದಿಕೊಳ್ಳಿ. ಅಂತೂ ಆ ಕೆಂಪು ಚೀಟಿಯಿಂದ ವೀಸಾ ಹೋಗುವುದಿಲ್ಲ. ಮುಂದೆಂದಾದರೂ ದಂಡ ಕಟ್ಟಿದ್ದೇ ಆದರೆ, ವೀಸಾ ಅಥವಾ ಪೌರತ್ವದ ಅರ್ಜಿಯಲ್ಲಿ ದಂಡಗಳ ಬಗ್ಗೆ ಪ್ರಶ್ನೆ ಬಂದಾಗ ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ. ದಂಡಕ್ಕಿಂತ ಅದನ್ನು ಮುಚ್ಚಿಟ್ಟದ್ದೇ ಮುಳುವಾಗುತ್ತದೆ.

ಇನ್ನು ಬಿನ್ ತೆರೆದು ನೋಡುವ ವಿಚಾರ. ಬೇರೆ ಯಾರೋ ದಾರಿಹೋಕರು ಬಂದು ನಿಮ್ಮ ಬಿನ್ನನ್ನು ಕೆದಕಿದರೆ ಅದು ಅದೇ 1990ರ ಕಾಯ್ದೆಯ ಪ್ರಕಾರ ಅಪರಾಧ. ಕೌನ್ಸಿಲ್‌ನವರಿಗೆ ಆ ಅಡ್ಡಿಯಿಲ್ಲ. ಕಸ ಸಂಗ್ರಹವಾದ ಕ್ಷಣದಿಂದ ಅದು ಕೌನ್ಸಿಲ್‌ನ ಸ್ವತ್ತು ಎಂದೂ ಕಾಯ್ದೆ ಹೇಳುತ್ತದೆ. ಅವರು ನೋಡುವುದು ನೀವು ಏನು ತಿಂದಿರಿ ಎಂದಲ್ಲ. ಮರುಬಳಕೆಯ ಬಿನ್ನಿನಲ್ಲಿ ಅನ್ನ, ಎಣ್ಣೆ ಹತ್ತಿದ ಡಬ್ಬಿ, ಮಗುವಿನ ಡೈಪರ್ ಬಿದ್ದರೆ ಅದರ ಜೊತೆಗಿರುವ ಕಾಗದವೆಲ್ಲ ಹಾಳಾಗುತ್ತದೆ. ಲಿಥಿಯಂ ಬ್ಯಾಟರಿ ಸೇರಿದರೆ ಲಾರಿಗೇ ಬೆಂಕಿ ಹತ್ತುತ್ತದೆ. ಆದರೂ ನಿಮಗಾದ ಇರುಸುಮುರುಸು ಹೊಸಬರ ಅತಿಸೂಕ್ಷ್ಮತೆಯೇನಲ್ಲ. ನಾನು ಬಂದ ಹೊಸದರಲ್ಲಿ ಬಿನ್ನುಗಳಿಗೆ ಚಿಪ್ ಅಳವಡಿಸಿ, ತೂಕ ನೋಡಿ ಹಣ ಕೀಳುತ್ತಾರೆ ಎಂದು ಇಲ್ಲಿನ ಪತ್ರಿಕೆಗಳು ಕೆಂಡ ಕಾರುತ್ತಿದ್ದವು. ಕಸ ಹೆಚ್ಚು ಹಾಕಿದವರಿಂದ ಹೆಚ್ಚು ವಸೂಲಿ ಮಾಡುವ ಪ್ರಯೋಗಕ್ಕೆ 2008ರ ಹವಾಮಾನ ಬದಲಾವಣೆ ಕಾಯ್ದೆಯಲ್ಲಿ ಅವಕಾಶವಿತ್ತು. 2011ರಲ್ಲಿ ಅದನ್ನು ಕಿತ್ತುಹಾಕಿದರು. ಬಿನ್ನಿನ ತಪ್ಪು ಹಿಡಿಯಲು ಕೆಲವು ಕೌನ್ಸಿಲ್‌ಗಳು ಗುಟ್ಟಾಗಿ ಕಾವಲು ಕೂತದ್ದೂ ಉಂಟು. 2012ರ ಕಾಯ್ದೆ ಅದಕ್ಕೂ ಕಡಿವಾಣ ಹಾಕಿತು. ಈಗ ಅಂಥ ರಹಸ್ಯ ನಿಗಾಕ್ಕೆ ಮ್ಯಾಜಿಸ್ಟ್ರೇಟರ ಒಪ್ಪಿಗೆ ಬೇಕು, ಅಪರಾಧವೂ ಕನಿಷ್ಠ ಆರು ತಿಂಗಳ ಸೆರೆವಾಸಕ್ಕೆ ತಕ್ಕಷ್ಟು ಗಂಭೀರವಾಗಿರಬೇಕು. ಬಿನ್ನಿನ ತಪ್ಪು ಆ ಮಟ್ಟಕ್ಕೆ ಏರುವುದೇ ಇಲ್ಲ.

ಬಾಗಿಲ ಮಾತು ಬೇರೆ. ಬಿನ್ ಪರೀಕ್ಷಿಸಲು ಬಂದವರು ನಿಮ್ಮ ಒಪ್ಪಿಗೆಯಿಲ್ಲದೆ ಹೊಸಿಲು ದಾಟುವಂತಿಲ್ಲ. ಆದರೆ ನೀವು ಆರು ಜನ, ಬೇರೆ ಬೇರೆ ಕುಟುಂಬದವರು, ಒಂದೇ ಅಡುಗೆಮನೆ ಹಂಚಿಕೊಂಡಿದ್ದೀರಿ. ಇದನ್ನು ಇಲ್ಲಿ ಎಚ್‌ಎಂಒ ಎನ್ನುತ್ತಾರೆ. ಐದಕ್ಕಿಂತ ಕಡಿಮೆಯಿಲ್ಲದಷ್ಟು ಜನರಿರುವ ಇಂಥ ಮನೆಗೆ ಮಾಲೀಕರು ಕೌನ್ಸಿಲ್‌ನಿಂದ ಪರವಾನಗಿ ಪಡೆದಿರಲೇಬೇಕು. ಅಂಥ ಮನೆಯನ್ನು ಪರೀಕ್ಷಿಸಲು 2004ರ ವಸತಿ ಕಾಯ್ದೆ ಅಧಿಕಾರ ಕೊಟ್ಟಿದೆ. ಸಾಮಾನ್ಯವಾಗಿ 24 ಗಂಟೆ ಮೊದಲು ತಿಳಿಸುತ್ತಾರೆ. ಪರವಾನಗಿಯಿಲ್ಲ ಅಥವಾ ನಿರ್ವಹಣೆಯ ನಿಯಮ ಮುರಿದಿದ್ದಾರೆ ಎಂಬ ಅನುಮಾನವಿದ್ದರೆ ಹೇಳದೆಯೂ ಬರಬಹುದು. ಬಲವಂತವಾಗಿ ಒಳಗೆ ಬರಬೇಕಾದರೆ ಮಾತ್ರ ವಾರಂಟ್ ತರಬೇಕು. ಇದನ್ನು ಕೇಳಿ ಹೆದರಬೇಡಿ. ಆ ಪರೀಕ್ಷೆ ನಡೆಯುವುದು ಮಾಲೀಕರ ಮೇಲೆ, ನಿಮ್ಮ ರಕ್ಷಣೆಗಾಗಿ: ಹೊಗೆ ಎಚ್ಚರಿಕೆಯ ಗಂಟೆ ಇದೆಯೇ, ಕೋಣೆ ತೀರಾ ಚಿಕ್ಕದೇ, ಇರುವ ಜನರಿಗೆ ಸಾಕಾಗುವಷ್ಟು ಬಿನ್ ಕೊಟ್ಟಿದ್ದಾರೆಯೇ ಎಂದು. ಬಂದವರ ಗುರುತಿನ ಚೀಟಿ ಕೇಳಿ. ಅನುಮಾನವಾದರೆ ಬಾಗಿಲು ಮುಚ್ಚಿ, ಅವರು ಕೊಟ್ಟ ನಂಬರಿಗಲ್ಲ, ಕೌನ್ಸಿಲ್‌ನ ಜಾಲತಾಣದಲ್ಲಿರುವ ನಂಬರಿಗೆ ಕರೆ ಮಾಡಿ. ಅದರಿಂದ ಯಾವ ನಿಜವಾದ ಅಧಿಕಾರಿಯೂ ಬೇಸರಪಡುವುದಿಲ್ಲ.

ಈಗ ನನ್ನ ಕಥೆ. ಬಂದ ಎರಡನೆಯ ವರ್ಷ ಮನೆ ಬದಲಿಸುವಾಗ ಹಳೆಯ ಹಾಸಿಗೆಯೊಂದು, ನಾಲ್ಕೈದು ರಟ್ಟಿನ ಪೆಟ್ಟಿಗೆಗಳು ಉಳಿದವು. ಗೋಡೆಗೆ ಅಂಟಿಸಿದ್ದ ಜಾಹೀರಾತು ನೋಡಿ ಒಬ್ಬ ವ್ಯಾನಿನವನನ್ನು ಕರೆದೆ. 40 ಪೌಂಡ್ ನಗದು ಕೊಟ್ಟೆ, ರಸೀದಿ ಕೇಳಲಿಲ್ಲ. ಐದು ವಾರದ ನಂತರ ಕೌನ್ಸಿಲ್‌ನಿಂದ ಪತ್ರ ಬಂತು, ವಿಚಾರಣೆಗೆ ಬರಬೇಕೆಂದು. ಮೇಜಿನ ಆಚೆ ಕುಳಿತಿದ್ದ ಅಧಿಕಾರಿ ಪಾರದರ್ಶಕ ಪ್ಲಾಸ್ಟಿಕ್ ಚೀಲವೊಂದನ್ನು ನನ್ನ ಮುಂದಿಟ್ಟರು. ಒಳಗೆ ಮಳೆಯಲ್ಲಿ ನೆನೆದು ಒಣಗಿ ಸೆಟೆದುಕೊಂಡಿದ್ದ ಒಂದು ಲಕೋಟೆ. ಅದರ ಕಿಟಕಿಯಲ್ಲಿ ನನ್ನ ಹೆಸರು, ಹಳೆಯ ವಿಳಾಸ. ಒಳಗಿನದು ನನ್ನ ಸಂಬಳದ ಚೀಟಿ. ಊರಾಚೆಯ ಹೊಲದ ದಾರಿಯಲ್ಲಿ ವ್ಯಾನಿನವನು ಎಲ್ಲವನ್ನೂ ಸುರಿದು ಹೋಗಿದ್ದ. ನೀವು ಏನನ್ನೂ ಹೇಳಬೇಕಾಗಿಲ್ಲ ಎಂದು ಶುರುವಾಗುವ ಆ ಎಚ್ಚರಿಕೆಯ ವಾಕ್ಯವನ್ನು ಅವರು ನಿಧಾನವಾಗಿ ಓದುತ್ತಿದ್ದಾಗ ನನ್ನ ಬಾಯಿ ಒಣಗಿಹೋಗಿತ್ತು. ವ್ಯಾನಿನವನ ಮೊಬೈಲ್ ನಂಬರ್, ಅವನು ಕಳುಹಿಸಿದ್ದ ಸಂದೇಶ ನನ್ನ ಫೋನಿನಲ್ಲಿ ಇದ್ದವು. ಅವನ್ನು ತೋರಿಸಿದ್ದರಿಂದ ಬರಿಯ ಎಚ್ಚರಿಕೆಯಲ್ಲಿ ಮುಗಿಯಿತು. ಆದರೆ ಆ ಐದು ವಾರ ನನ್ನ ಸಂಬಳದ ಚೀಟಿಯನ್ನು ಆ ದಾರಿಯಲ್ಲಿ ಹೋದವರು ಯಾರು ಬೇಕಾದರೂ ಓದಬಹುದಿತ್ತು. ನನ್ನನ್ನು ಬಹಳ ದಿನ ಕಾಡಿದ್ದು ಅದು.

ಇಂದು ಅದೇ ತಪ್ಪಿಗೆ ಮನೆಯವರ ಮೇಲೆ ಸ್ಥಳದಲ್ಲೇ 600 ಪೌಂಡಿನವರೆಗೆ ದಂಡ ಹಾಕಬಹುದು. ಆದ್ದರಿಂದ ಯಾರಿಗಾದರೂ ಕಸ ಒಯ್ಯಲು ಕೊಡುವ ಮುನ್ನ ಅವರ ಹೆಸರು ಎನ್ವಿರಾನ್‌ಮೆಂಟ್ ಏಜೆನ್ಸಿ ಎಂಬ ಸರ್ಕಾರಿ ಪರಿಸರ ಸಂಸ್ಥೆಯ ನೋಂದಾಯಿತ ಕಸ ಸಾಗಣೆದಾರರ ಸಾರ್ವಜನಿಕ ಪಟ್ಟಿಯಲ್ಲಿದೆಯೇ ನೋಡಿ, ರಸೀದಿ ಪಡೆಯಿರಿ, ವ್ಯಾನಿನ ನಂಬರ್ ಬರೆದಿಟ್ಟುಕೊಳ್ಳಿ. ಅದಕ್ಕಿಂತ ನೆಮ್ಮದಿಯ ದಾರಿ ಕೌನ್ಸಿಲ್‌ನವರನ್ನೇ ಕರೆಸುವುದು. ದೊಡ್ಡ ಸಾಮಾನು ಒಯ್ಯಲು ಅವರು ಶುಲ್ಕ ತೆಗೆದುಕೊಳ್ಳುತ್ತಾರೆ, ಆದರೆ ಮನಸ್ಸಿಗೆ ಭಾರವಿರುವುದಿಲ್ಲ.

ನಿಮ್ಮ ಖಾಸಗಿತನಕ್ಕೆ ಮುಚ್ಚಳ ಎತ್ತಿ ನೋಡುವ ಅಧಿಕಾರಿಗಿಂತ ನಿಮ್ಮದೇ ಕಾಗದಗಳು ಹೆಚ್ಚು ಅಪಾಯಕಾರಿ ಎಂದು ನಾನು ನಂಬಿರುವುದು ಈ ಅನುಭವದಿಂದಲೇ. ಬ್ಯಾಂಕ್ ಸ್ಟೇಟ್‌ಮೆಂಟ್, ನ್ಯಾಷನಲ್ ಇನ್ಶೂರೆನ್ಸ್ ಸಂಖ್ಯೆಯ ಪತ್ರ, ಕೌನ್ಸಿಲ್ ತೆರಿಗೆಯ ಬಿಲ್ಲು, ಪಾರ್ಸೆಲ್ ಮೇಲಿನ ವಿಳಾಸ, ಇವು ಸಾಕು ಒಬ್ಬ ವಂಚಕ ನಿಮ್ಮ ಹೆಸರಿನಲ್ಲಿ ಸಾಲ ಎತ್ತಲು. ಔಷಧಿಯ ಪೆಟ್ಟಿಗೆಯನ್ನು ಎಲ್ಲರೂ ಮರೆಯುತ್ತಾರೆ. ಔಷಧಿ ಅಂಗಡಿಯವರು ಅಂಟಿಸಿದ ಚೀಟಿಯಲ್ಲಿ ನಿಮ್ಮ ಹೆಸರು, ನಿಮಗಿರುವ ಕಾಯಿಲೆಯ ಸುಳಿವು ಎರಡೂ ಇರುತ್ತವೆ. ಕಾಗದವನ್ನೆಲ್ಲ ಯಂತ್ರಕ್ಕೆ ಕೊಟ್ಟು ಎಳೆ ಎಳೆ ಮಾಡುವುದು ಬೇಡ. ಹಾಗೆ ಪುಡಿಯಾದ ಕಾಗದವನ್ನು ಅನೇಕ ಕೌನ್ಸಿಲ್‌ಗಳು ಮರುಬಳಕೆಗೆ ತೆಗೆದುಕೊಳ್ಳುವುದಿಲ್ಲ. ನಾನು ಹೆಸರು, ಸಂಖ್ಯೆ ಇರುವ ಪಟ್ಟಿಯಷ್ಟನ್ನು ಹರಿದು, ಚೂರು ಮಾಡಿ, ಚಹಾದ ಚರಟದ ನೀರಿನಲ್ಲಿ ಹಿಸುಕಿ ಸಾಮಾನ್ಯ ಕಸಕ್ಕೆ ಹಾಕುತ್ತೇನೆ. ಉಳಿದ ಕಾಗದ ಮರುಬಳಕೆಗೆ ಹೋಗುತ್ತದೆ.

ಆ ಫೋಟೊದ ಬಗ್ಗೆ ಇನ್ನೂ ಕಸಿವಿಸಿಯಿದ್ದರೆ, ನನ್ನ ಬಗ್ಗೆ ಏನು ದಾಖಲಿಸಿದ್ದೀರಿ, ಪ್ರತಿ ಕೊಡಿ ಎಂದು ಕೌನ್ಸಿಲ್‌ಗೆ ಬರೆದು ಕೇಳಿ. ಮಾಹಿತಿ ರಕ್ಷಣೆಯ ಕಾನೂನಿನ ಪ್ರಕಾರ ಅವರು ಸಾಮಾನ್ಯವಾಗಿ ಒಂದು ತಿಂಗಳಲ್ಲಿ ಉತ್ತರಿಸಬೇಕು, ಶುಲ್ಕವೂ ಇಲ್ಲ.

ಈ ವಾರ ಮಾಡಬೇಕಾದದ್ದು ಇಷ್ಟು. ಚೀಟಿಯಲ್ಲಿ ಯಾವ ತಪ್ಪಿಗೆ ಗುರುತು ಹಾಕಿದ್ದಾರೆ ಎಂದು ಓದಿ, ಅದರ ಫೋಟೊ ಇಟ್ಟುಕೊಳ್ಳಿ. ನಿಮ್ಮ ಪೋಸ್ಟ್‌ಕೋಡ್ ಹಾಕಿ ಕೌನ್ಸಿಲ್ ಜಾಲತಾಣದಲ್ಲಿ ಯಾವ ದಿನ ಯಾವ ಬಣ್ಣದ ಬಿನ್ ಎಂದು ನೋಡಿ, ಅಡುಗೆಮನೆಯ ಗೋಡೆಗೆ ಅಂಟಿಸಿ. ಬಣ್ಣ ಒಂದೊಂದು ಊರಿಗೂ ಬೇರೆ, ಗೆಳೆಯರ ಮಾತು ನಂಬಬೇಡಿ. ಆರು ಜನರ ಕಸ ಒಂದು ಬಿನ್ನಿಗೆ ಹಿಡಿಸುತ್ತಿಲ್ಲವಾದರೆ ಅದು ನಿಮ್ಮ ತಪ್ಪಲ್ಲ. ಸಾಕಷ್ಟು ಬಿನ್ ಒದಗಿಸುವುದು ಮಾಲೀಕರ ಹೊಣೆ, 2018ರ ಅಕ್ಟೋಬರ್‌ನಿಂದ ಪರವಾನಗಿಯ ಷರತ್ತಿನಲ್ಲೇ ಕಸದ ವ್ಯವಸ್ಥೆ ಸೇರಿದೆ. ಫೋನಿನಲ್ಲಿ ಹೇಳಬೇಡಿ, ಇಮೇಲ್ ಬರೆಯಿರಿ, ಚೀಟಿಯ ಫೋಟೊ ಜೊತೆಗಿಡಿ. ಅವರ ಉತ್ತರ ಬಂದ ಮೇಲೆ ನನಗೂ ತಿಳಿಸಿ. ಕೌನ್ಸಿಲ್‌ಗೆ ಬರೆಯಬೇಕಾಗಿ ಬಂದರೆ ಇಬ್ಬರೂ ಕುಳಿತು ಬರೆಯೋಣ.